ಹೂಂ, ಅಣ್ಣ

ತನ್ನ ಹೆಸರು ತನಗೇ ಗೊತ್ತಿಲ್ಲದವನೊಬ್ಬನ ಕಥೆಯನ್ನು ನಾನು ಓದಿದ್ದು, ನನ್ನ ಹೆಸರು ನಮ್ಮ ಮನೆಯಲ್ಲೇ ಸಲ್ಲದೆ ಹೋದ ದಿನಗಳಲ್ಲಿ.

ಕಾದಂಬರಿ ಫ್ರಾನ್ಸಿನದು. ಬರೆದವರು 2014ರಲ್ಲಿ ನೊಬೆಲ್ ಬಹುಮಾನ ಪಡೆದ ಪ್ಯಾಟ್ರಿಕ್ ಮೋದಿಯಾನೊ. 1978ರಲ್ಲಿ ಪ್ರಕಟವಾಗಿ ಆ ವರ್ಷವೇ ಗೊನ್‌ಕೂರ್ ಬಹುಮಾನ ಗಳಿಸಿದ ಈ ಪುಸ್ತಕದ ಹೆಸರನ್ನು ಕನ್ನಡಿಸಿದರೆ 'ಕತ್ತಲೆ ಅಂಗಡಿಗಳ ಬೀದಿ' ಎಂದಾಗುತ್ತದೆ. ಫ್ರೆಂಚ್ ಬಾರದ ನಾನು ಓದಿದ್ದು ಇಂಗ್ಲಿಷ್ ಅನುವಾದವನ್ನು. ಅದೂ ಅಣ್ಣನ ಮಂಚದ ಪಕ್ಕದಲ್ಲಿ ಕುಳಿತು. (ನಮ್ಮ ಮನೆಯಲ್ಲಿ ತಂದೆಯನ್ನು 'ಅಣ್ಣ' ಎಂದೇ ಕರೆಯುವುದು. ಹಳೆಯ ಮೈಸೂರಿನ ಅನೇಕ ಮನೆಗಳಲ್ಲಿ ಈ ರೂಢಿಯುಂಟು.)

ಕಥೆ ಆರಂಭವಾಗುವುದು 1965ರ ಪ್ಯಾರಿಸ್ಸಿನಲ್ಲಿ. ಗೀ ರೋಲಾಂ ಎಂಬಾತ ಖಾಸಗಿ ಪತ್ತೇದಾರ. ಹಲವು ವರ್ಷಗಳ ಹಿಂದೆ ಅವನ ನೆನಪೆಲ್ಲ ಅಳಿಸಿಹೋಗಿದೆ. ಈ ಹೆಸರನ್ನೂ ಅದಕ್ಕೆ ತಕ್ಕ ಕಾಗದಪತ್ರಗಳನ್ನೂ ದೊರಕಿಸಿಕೊಟ್ಟವನು ಯಜಮಾನ ಹ್ಯೂಟ್. ಯಜಮಾನ ನಿವೃತ್ತನಾಗಿ ನೀಸ್ ಪಟ್ಟಣಕ್ಕೆ ಹೊರಟ ಮೇಲೆ, ಊರವರ ಗುಟ್ಟು ಹುಡುಕುತ್ತಿದ್ದವನು ತನ್ನನ್ನೇ ಹುಡುಕಲು ಹೊರಡುತ್ತಾನೆ. ಕೈಯಲ್ಲಿರುವುದು ಹಳೆಯ ಡೈರೆಕ್ಟರಿಗಳು, ಯಾರಾರೋ ಕೊಟ್ಟ ಫೋಟೋಗಳು. ಮೊದಲು ತಾನು ಫ್ರೆಡ್ಡಿ ಇರಬೇಕೆಂದುಕೊಳ್ಳುತ್ತಾನೆ. ಅಲ್ಲವೆಂದಾಗ ಪೆದ್ರೊ ಆಗುತ್ತಾನೆ. ಜರ್ಮನರು ಫ್ರಾನ್ಸನ್ನು ಆಕ್ರಮಿಸಿಕೊಂಡಿದ್ದ ಕಾಲದಲ್ಲಿ ದೆನೀಸ್ ಎಂಬಾಕೆಯೊಡನೆ ಸ್ವಿಟ್ಜರ್ಲೆಂಡಿನ ಗಡಿ ದಾಟಲು ಹೋಗಿ, ಹಿಮದಲ್ಲಿ ಅವಳನ್ನು ಕಳೆದುಕೊಂಡವನು ತಾನೇ ಇರಬಹುದು. ಇರಬಹುದು, ಅಷ್ಟೆ. ಕೊನೆಗೆ ರೋಮ್ ನಗರದ ಒಂದು ವಿಳಾಸವನ್ನು ಕೈಗಿತ್ತು ಕಾದಂಬರಿ ಮುಗಿದುಬಿಡುತ್ತದೆ.

ನಮ್ಮಣ್ಣನದು ಬೇರೆ ಬಗೆಯ ಮರೆವು. ಕಾದಂಬರಿಯವನಿಗೆ ಹಿಂದಿನದು ಹೋಗಿದೆ, ಇಂದಿನದು ಇದೆ. ಮುಪ್ಪಿನ ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಹೊಸ ನೆನಪು ಮೊದಲು ಉದುರುತ್ತದೆ. ಹಳೆಯದು ಬಹುಕಾಲ ಅಂಟಿಕೊಂಡಿರುತ್ತದೆ. ಬೆಳಿಗ್ಗೆ ತಿಂದ ಉಪ್ಪಿಟ್ಟು ಅಣ್ಣನಿಗೆ ನೆನಪಿಲ್ಲ. ಎಪ್ಪತ್ತು ವರ್ಷದ ಹಿಂದೆ ತಮ್ಮನೊಡನೆ ಕದ್ದು ತಿಂದ ಸೀಬೆಕಾಯಿಯ ರುಚಿ ಇನ್ನೂ ನಾಲಗೆಯ ಮೇಲಿದೆ. ಆ ತಮ್ಮ, ನನ್ನ ಚಿಕ್ಕಪ್ಪ ಶೀನು, ತೀರಿಕೊಂಡು ಮೂವತ್ತು ವರ್ಷವಾಯಿತು. ನನ್ನ ಮೂಗು, ಹಣೆ ಅವರವೇ ಅಂತೆ. ಹೀಗಾಗಿ ಒಂದು ದಿನ ನಾನು ಶೀನುವಾದೆ.

ಮೊದಮೊದಲು ತಿದ್ದಿದೆ. "ನಾನು ಶೀನು ಅಲ್ಲ, ನಿಮ್ಮ ಮಗ" ಎಂದರೆ ಅಣ್ಣ ಯಾರೋ ಹೊರಗಿನವನನ್ನು ನೋಡುವಂತೆ ನೋಡಿ ಗೋಡೆಯ ಕಡೆ ತಿರುಗುವರು. ಚಿಕ್ಕಪ್ಪ ಈಗಿಲ್ಲವೆಂದು ಹೇಳಿದ ದಿನ, ಆಗತಾನೆ ಸುದ್ದಿ ಕೇಳಿದವರಂತೆ ಅತ್ತುಬಿಟ್ಟರು. ಅಂದಿನಿಂದ ತಿದ್ದುವುದನ್ನು ಬಿಟ್ಟೆ. "ಶೀನೂ" ಎಂದರೆ "ಹೂಂ, ಅಣ್ಣ" ಎನ್ನುತ್ತೇನೆ. ಚಿಕ್ಕಪ್ಪನೂ ಅವರನ್ನು ಕರೆಯುತ್ತಿದ್ದುದು ಅಣ್ಣ ಎಂದೇ ತಾನೆ! ಆ ಒಂದು ಮಾತಿನಲ್ಲಾದರೂ ನಾನು ಸುಳ್ಳಾಡಲಿಲ್ಲವೆಂದು ಸಮಾಧಾನ ತಂದುಕೊಂಡೆ.

ಸಂಕಟವಾಗಲಿಲ್ಲವೆಂದಲ್ಲ. ನಾನು ನಾನೇ ಎನ್ನಲು ಬೀರುವಿನಲ್ಲಿ ರೇಷನ್ ಕಾರ್ಡು, ಆಧಾರ್ ಎಂದು ಪುರಾವೆಗಳು ಬೇಕಾದಷ್ಟಿವೆ. ಆದರೆ ನಾಮಕರಣದ ದಿನ ಅಕ್ಕಿಯ ಮೇಲೆ ಆ ಹೆಸರನ್ನು ಬರೆದ ಕೈಗೇ ಅದು ಮರೆತುಹೋಯಿತಲ್ಲ! ಕಾದಂಬರಿಯಲ್ಲಿ ಹ್ಯೂಟ್ ಒಬ್ಬ ಮನುಷ್ಯನ ಪ್ರಸ್ತಾಪ ಮಾಡುತ್ತಾನೆ. ನಲವತ್ತು ವರ್ಷ ಸಮುದ್ರತೀರಗಳಲ್ಲಿ ಕಾಲ ಕಳೆದ ಅವನು ಅಲ್ಲಿಗೆ ಬಂದವರ ಸಾವಿರಾರು ಫೋಟೋಗಳ ಮೂಲೆಯಲ್ಲಿ ನಿಂತಿದ್ದಾನೆ. ಹೆಸರು ಹೇಳಬಲ್ಲವರು ಒಬ್ಬರೂ ಇಲ್ಲ. ಅದನ್ನು ಓದಿದ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ.

ಕಳೆದ ವಾರ ರಾತ್ರಿ ಅನ್ನ ಕಲಸಿ ಬಾಯಿಗೆ ಕೊಡುತ್ತಿದ್ದೆ. ಅಣ್ಣ ನನ್ನ ಕೈ ತಡೆದು ಬಾಗಿಲ ಕಡೆ ನೋಡಿದರು.

"ಶೀನೂ, ನಮ್ಮ ಹುಡುಗ ಇನ್ನೂ ಸ್ಕೂಲಿನಿಂದ ಬಂದಿಲ್ಲವಲ್ಲೋ" ಎಂದು ನನ್ನ ಹೆಸರು ಹೇಳಿದರು. ಅವರ ಬಾಯಿಂದ ಅದನ್ನು ಕೇಳಿ ವರ್ಷದ ಮೇಲಾಗಿತ್ತು.

"ಬರ್ತಾನೆ, ಅಣ್ಣ. ಊಟ ಆಗಲಿ" ಎಂದೆ.

"ಅವನು ಬಂದುಬಿಡಲಿ" ಎಂದರು.

ತಟ್ಟೆಯಲ್ಲಿ ಅನ್ನ ಆರುತ್ತಿತ್ತು. ಇಬ್ಬರೂ ನನಗಾಗಿ ಕಾದು ಕುಳಿತೆವು.