ಮುಳ್ಳು ಏರಿತು, ಪಾಠ ಬರಲಿಲ್ಲ

ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಡಿಶ್ ಕೂರಿಸುವ ಒಬ್ಬರಿದ್ದಾರೆ. ಅವರಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಆದರೆ ಆ ಹೆಸರು ಹಿಡಿದು ಮನೆ ಹುಡುಕಲು ಹೋದರೆ ಸಂಜೆಯಾದೀತು. 'ಡಿಶ್ಶಿನವರ ಮನೆ' ಎಂದರೆ ಮಾತ್ರ ಅಂಗಡಿಯಲ್ಲಿ ಕುಳಿತ ಮಕ್ಕಳೂ ದಾರಿ ತೋರಿಸುತ್ತಾರೆ.

1991ರಲ್ಲಿ ಏಷ್ಯಾಸ್ಯಾಟ್-1 ಉಪಗ್ರಹದ ಮೂಲಕ ಸ್ಟಾರ್ ಟಿ.ವಿ. ಶುರುವಾಯಿತು, 1994ರಲ್ಲಿ ಉದಯ ಟಿ.ವಿ. ಬಂತು. ಪೇಟೆಗಳಲ್ಲಿ ಕೇಬಲ್ಲಿನವರು ಜಾಲರಿಯ ದೊಡ್ಡ ದೊಡ್ಡ ಡಿಶ್‌ಗಳನ್ನು ತಾರಸಿಗೆ ಏರಿಸತೊಡಗಿದರು. ಆಗ ಇವರು ಹತ್ತೊಂಬತ್ತು ಇಪ್ಪತ್ತರ ಹುಡುಗ. ಹನ್ನೆರಡು ಅಡಿಯ ಬುಟ್ಟಿಯನ್ನು ನಾಲ್ಕು ಜನರ ಜೊತೆ ಹೊತ್ತು ಮೆಟ್ಟಿಲು ಹತ್ತಿದ್ದೇ ಅವರ ವಿದ್ಯಾಭ್ಯಾಸ. ಮೀಟರು ಎಂಬ ವಸ್ತುವನ್ನು ಆಗ ಯಾರೂ ಕಂಡಿರಲಿಲ್ಲ. ಒಂದು ಪುಟ್ಟ ಟಿ.ವಿ.ಯನ್ನೇ ತಾರಸಿಗೆ ಒಯ್ದು, ಅದರ ಮೇಲೊಂದು ಗೋಣಿಚೀಲ ಹೊದಿಸಿ, ಇಣುಕಿ ನೋಡುತ್ತಾ ಡಿಶ್ ತಿರುಗಿಸುವುದು. ಪರದೆಯ ಮೇಲೆ ಬಿಳಿ ಕಿಡಿಗಳು ಹಾರುತ್ತಿದ್ದವು. ಕಿಡಿ ಕಡಿಮೆಯಾದರೆ ದಿಕ್ಕು ಸರಿ, ಹೆಚ್ಚಾದರೆ ತಪ್ಪು. ಕಣ್ಣೇ ಮೀಟರು.

ಆ ಕಾಲದ ಸಿಗ್ನಲ್ಲಿಗೆ ಒಂದು ದೊಡ್ಡ ಗುಣವಿತ್ತು. ಸೋತರೂ ಪೂರ್ತಿ ಸೋಲುತ್ತಿರಲಿಲ್ಲ. ಅರ್ಧಂಬರ್ಧ ಚಿತ್ರವನ್ನಾದರೂ ತೋರಿಸಿ 'ಇಲ್ಲೇ ಎಲ್ಲೋ ಇದ್ದೇನೆ' ಎಂದು ಸೂಚನೆ ಕೊಡುತ್ತಿತ್ತು. ಡಿಜಿಟಲ್ ಬಂದ ಮೇಲೆ ಆ ದಾಕ್ಷಿಣ್ಯ ಹೋಯಿತು. ಚಿತ್ರ ಬಂದರೆ ಕನ್ನಡಿಯಂತೆ, ಇಲ್ಲದಿದ್ದರೆ ಕಪ್ಪು ಪರದೆ.

2004ರ ಡಿಸೆಂಬರಿನಲ್ಲಿ ದೂರದರ್ಶನದ ಉಚಿತ ಡಿಟಿಎಚ್ ಸೇವೆ ಆರಂಭವಾಯಿತು. ಎರಡಡಿ ಡಿಶ್ ಇದ್ದರೆ ಸಾಕು, ತಿಂಗಳ ಬಾಡಿಗೆ ಇಲ್ಲ. ಹಂಚಿನ ಮನೆಗಳ ಅಂಗಳಕ್ಕೂ ಡಿಶ್ ಬಂತು. ಆಗ ಅವರು ಕೊಂಡದ್ದು ಅಂಗೈಯಗಲದ ಒಂದು ಮುಳ್ಳಿನ ಮೀಟರು. ಬೆಲೆ ಮುನ್ನೂರು ಚಿಲ್ಲರೆ. ಡಿಶ್ಶಿನ ಮುಂದೆ ಕೋಲಿನ ತುದಿಯಲ್ಲಿ ಕೂತಿರುವ ಎಲ್‌ಎನ್‌ಬಿ ಎಂಬ ಕಿವಿಗೂ ಕೆಳಗಿನ ಸೆಟ್‌ಟಾಪ್ ಬಾಕ್ಸಿಗೂ ನಡುವೆ ಅದನ್ನು ಸಿಕ್ಕಿಸಬೇಕು. ಸೊನ್ನೆಯಿಂದ ಹತ್ತರವರೆಗೆ ಮುಳ್ಳು ಆಡುತ್ತದೆ, ಜೊತೆಗೆ 'ಕೀಂ' ಎಂದು ಕೂಗುತ್ತದೆ. ಹದಿನೈದು ವರ್ಷ ಆ ಕೂಗನ್ನು ನಂಬಿ ಅವರು ಸಂಸಾರ ಸಾಗಿಸಿದರು.

ಎಡವಟ್ಟಾದದ್ದು 2020ರ ಜುಲೈನಲ್ಲಿ. ಕೊರೊನಾ ಬಂದು ಶಾಲೆಗಳೆಲ್ಲ ಮುಚ್ಚಿದ್ದವು. ಹೈಸ್ಕೂಲು ಮಕ್ಕಳಿಗೆ ಚಂದನ ವಾಹಿನಿಯಲ್ಲಿ ಪಾಠಗಳು ಬರತೊಡಗಿದವು. ಊರಿನಿಂದ ಮೂರು ಮೈಲಿ ಒಳಗೆ, ಗುಡ್ಡದ ಬುಡದಲ್ಲಿ ಒಂದು ಒಂಟಿ ಮನೆ. ಅಲ್ಲಿನ ಹುಡುಗಿ ಆಗತಾನೆ ಹತ್ತನೇ ತರಗತಿಗೆ ಬಂದಿದ್ದಳು. ಮೊಬೈಲಿಗೆ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಜುಲೈ ಮಳೆಯಲ್ಲಿ ಜಿಗಣೆಗಳ ನಡುವೆ ಗುಡ್ಡ ಹತ್ತಿ ಗಣಿತ ಕಲಿಯುವುದು ಹೇಗೆ? ಮನೆಯ ಯಜಮಾನರು ಡಿಶ್ಶಿನವರಿಗೆ ಹೇಳಿಕಳುಹಿಸಿದರು.

ಬಚ್ಚಲುಮನೆಯ ಪಾಚಿಗಟ್ಟಿದ ತಾರಸಿಯ ಮೇಲೆ ಡಿಶ್ ನಿಂತಿತು. ಮುಳ್ಳು ಒಂಬತ್ತಕ್ಕೇರಿತು, ಮೀಟರು ಕೂಗಿತು, ಬೋಲ್ಟು ಬಿಗಿಯಾಯಿತು. ಒಳಗೆ ಬಂದು ನೋಡಿದರೆ ಟಿ.ವಿ. ಪರದೆಯಲ್ಲಿ ಎರಡು ಪಟ್ಟಿ. ಸಿಗ್ನಲ್ ಬಲ 85, ಗುಣಮಟ್ಟ ಸೊನ್ನೆ. ಮತ್ತೆ ಹತ್ತಿದರು, ಇಳಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಬಾಕ್ಸಿನಿಂದ ವಿದ್ಯುತ್ ಬಂದರೆ ತಾನೇ ಮುಳ್ಳು ಆಡುವುದು?

ಎರಡನೆಯ ಸಲ ಮಗನನ್ನೂ ಕರೆದುಕೊಂಡು ಹೋದರು. ಅವನು ಸೆಕೆಂಡ್ ಪಿಯುಸಿ ಮುಗಿಸಿದ್ದ, ವಿಜ್ಞಾನದ ವಿದ್ಯಾರ್ಥಿ. ಕಾಲೇಜು ಬಾಗಿಲು ತೆರೆದಿರಲಿಲ್ಲ. ಮುಳ್ಳನ್ನು ಬದಿಗಿಟ್ಟು ಹಳೇ ಪದ್ಧತಿಯಂತೆ ಕೂಗಾಟ ಶುರುವಾಯಿತು.

"ಬಂತಾ?"

"ಇಲ್ಲ ಅಪ್ಪಯ್ಯ!"

"ಈಗ?"

"ಬಂತು, ಬಂತು... ಹೋಯ್ತು!"

ಡಿಜಿಟಲ್ ಬಾಕ್ಸು ಸಿಗ್ನಲ್ಲನ್ನು ಗುರುತಿಸಿ ಹಿಡಿಯಲು ಒಂದೆರಡು ಸೆಕೆಂಡಾದರೂ ಬೇಕು. 'ಬಂತು' ಎಂಬ ಕೂಗು ಒಳಮನೆಯಿಂದ ಬಚ್ಚಲ ತಾರಸಿಗೆ ಮುಟ್ಟುವ ಹೊತ್ತಿಗೆ ಕೈ ಮುಂದೆ ಸರಿದಿರುತ್ತದೆ. ಅಂತೂ ಗುಣಮಟ್ಟ 32ಕ್ಕೆ ನಿಂತಿತು, ಚಂದನ ಬಂತು. ಹುಡುಗಿಯ ತಾಯಿ ಕಾಫಿ ಕೊಟ್ಟರು. ಅದೇ ರಾತ್ರಿ ಮಳೆ ಹೊಯ್ಯಿತು, ಚಿತ್ರ ಹೋಯಿತು. ಮಳೆ ನಿಂತಾಗ ಬಂತು, ಮತ್ತೆ ಹೊಯ್ದಾಗ ಹೋಯಿತು. ಮಲೆನಾಡಿನ ಜುಲೈನಲ್ಲಿ ಮಳೆ ನಿಲ್ಲುವ ಹೊತ್ತಿನಲ್ಲಿ ಮಾತ್ರ ಪಾಠ ಎಂದರೆ ಆ ವರ್ಷದ ಪಾಠ ಮುಗಿದಂತೆಯೇ.

ಆ ವಾರವೆಲ್ಲ ಅಪ್ಪ ಮಗನ ನಡುವೆ ಚರ್ಚೆ ನಡೆಯಿತು. ಹುಡುಗ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದ. ಉಪಗ್ರಹ ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿದೆ. ದೂರದರ್ಶನದ ಉಚಿತ ಸೇವೆ ಆಗ ಬರುತ್ತಿದ್ದದ್ದು ಜಿಸ್ಯಾಟ್-15ರಿಂದ, 93.5 ಡಿಗ್ರಿ ಪೂರ್ವ ರೇಖಾಂಶ. ಅದನ್ನು ಅಲ್ಲಿ ಅಲುಗದಂತೆ ಹಿಡಿದಿಡುವ ಕೆಲಸ ನಮ್ಮ ಹಾಸನದ ನಿಯಂತ್ರಣ ಕೇಂದ್ರದ್ದು. ತೀರ್ಥಹಳ್ಳಿಯಿಂದ ನೋಡಿದರೆ ಅದು ಪೂರ್ವದಿಂದ ದಕ್ಷಿಣಕ್ಕೆ ಸುಮಾರು 36 ಡಿಗ್ರಿ, ಹೆಚ್ಚುಕಡಿಮೆ ಅಡುಗೆಮನೆಗೆ ಹೇಳಿದ ಆಗ್ನೇಯ ಮೂಲೆ. ದಿಗಂತದಿಂದ ಮೇಲಕ್ಕೆ ಸುಮಾರು 63 ಡಿಗ್ರಿ. (ಡಿಶ್ ಅಷ್ಟು ಮೇಲಕ್ಕೆ ಮುಖ ಮಾಡಿದಂತೆ ಕಾಣುವುದಿಲ್ಲ. ಚಿಕ್ಕ ಡಿಶ್‌ಗಳ ಕಿವಿ ನಡುವಿನಲ್ಲಿರದೆ ಕೆಳಗಿರುತ್ತದೆ. ಆದ್ದರಿಂದ ಅವು ನೋಡುವುದೊಂದು ಕಡೆ, ಕೇಳುವುದು ಅದಕ್ಕಿಂತ ಇಪ್ಪತ್ತು ಚಿಲ್ಲರೆ ಡಿಗ್ರಿ ಮೇಲೆ.)

ತೊಡಕು ಇರುವುದು ನೆರೆಹೊರೆಯಲ್ಲಿ. 93.5ರ ಈಚೆಗೆ 91.5ರಲ್ಲಿ ಮೀಸ್ಯಾಟ್-3ಬಿ, ಆಚೆಗೆ 95ರಲ್ಲಿ ಎಸ್‌ಇಎಸ್-8. ಮೂರೂ ಭಾರತದ ಕಡೆಗೆ ಸಿಗ್ನಲ್ ಸುರಿಸುವಂಥವೇ. ಎರಡಡಿ ಡಿಶ್ಶಿಗೆ ಈ ಆವರ್ತನದಲ್ಲಿ ಸುಮಾರು 3 ಡಿಗ್ರಿ ಅಗಲದ ನೋಟ. ಅಂದರೆ ನಡುವಿನದಕ್ಕೆ ಗುರಿಯಿಟ್ಟರೂ ಅಕ್ಕಪಕ್ಕದವರ ಮಾತು ಕಿವಿಗೆ ಬೀಳುತ್ತದೆ. ಮುಳ್ಳಿನ ಮೀಟರು ಮಾಡುವುದೇನು? 950ರಿಂದ 2150 ಮೆಗಾಹರ್ಟ್ಸ್‌ವರೆಗೆ ಕೇಬಲ್ಲಿನಲ್ಲಿ ಏನೆಲ್ಲ ಹರಿದುಬರುತ್ತದೋ ಅಷ್ಟನ್ನೂ ಒಟ್ಟುಗೂಡಿಸಿ ಒಂದು ಅಂಕೆ ತೋರಿಸುತ್ತದೆ. ಯಾರ ಮಾತು, ಯಾವ ಮಾತು ಎಂಬುದು ಅದಕ್ಕೆ ಬೇಡ. ಅಷ್ಟೇ ಏಕೆ, ಖಾಲಿ ಆಕಾಶಕ್ಕೆ ಮುಖಮಾಡಿದ ಎಲ್‌ಎನ್‌ಬಿಯ ಬಾಯಿಗೆ ಅಂಗೈ ಅಡ್ಡ ಹಿಡಿದರೂ ಮುಳ್ಳು ಕೊಂಚ ಏರುತ್ತದೆ. ಬೆಚ್ಚಗಿನ ಅಂಗೈ ತಂಪು ಆಕಾಶಕ್ಕಿಂತ ಹೆಚ್ಚು ಗದ್ದಲ ಹೊರಸೂಸುತ್ತದೆ. ಮನೆಯಲ್ಲಿ ಅಂಥ ಮೀಟರಿದ್ದರೆ ವಿದ್ಯಾರ್ಥಿಗಳು ಮಾಡಿ ನೋಡಬಹುದು.

"ಹಾಗಾದ್ರೆ ಇಷ್ಟು ವರ್ಷ ಹೇಗೆ ಕೆಲಸ ಆಯ್ತು?" ಎಂದು ಅಪ್ಪ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಅವರ ಕೈಗೆ ದಿಕ್ಕು ಅಭ್ಯಾಸವಾಗಿತ್ತು. ಪಕ್ಕದ ಮನೆಯ ಡಿಶ್ ನೋಡಿ ಹೊಂದಿಸುವುದಿತ್ತು. ಒಂಟಿ ಮನೆಯಲ್ಲಿ ನೋಡಲು ಪಕ್ಕದ ಡಿಶ್ ಇರಲಿಲ್ಲ. ಮೊಬೈಲಿನ ದಿಕ್ಸೂಚಿಯನ್ನು ನೆಚ್ಚಿದರೆ ಅದು ಡಿಶ್ ನಿಲ್ಲಿಸಿದ ಕಬ್ಬಿಣದ ಪೈಪಿಗೇ ಮರುಳಾಗುತ್ತಿತ್ತು.

ಶಿವಮೊಗ್ಗದ ಅಂಗಡಿಗೆ ಹೋದಾಗ ಮೇಜಿನ ಮೇಲೆ ನಾಲ್ಕು ಮೀಟರುಗಳು ಬಂದವು. ಮೊದಲನೆಯದು ಅದೇ ಮುಳ್ಳಿನದು. ಕೊನೆಯದು ಹದಿನಾಲ್ಕು ಸಾವಿರದ್ದು. ಆವರ್ತನಗಳನ್ನೆಲ್ಲ ಬೆಟ್ಟದ ಸಾಲಿನಂತೆ ಚಿತ್ರ ಬರೆದು ತೋರಿಸುತ್ತದೆ. ಹುಡುಗನ ಕಣ್ಣು ಅದರ ಮೇಲೇ. ನಡುವಿನ ಎರಡು ನೋಡಲು ಅವಳಿ ಮಕ್ಕಳಂತೆ. ಎರಡಕ್ಕೂ ಬ್ಯಾಟರಿ ಇದೆ, ಪರದೆ ಇದೆ, ಬಲ ಮತ್ತು ಗುಣಮಟ್ಟ ಬೇರೆಬೇರೆ ತೋರಿಸುತ್ತವೆ. ಒಂದಕ್ಕೆ 3,200, ಇನ್ನೊಂದಕ್ಕೆ 5,400.

ಡಿಶ್ಶಿನವರ ಜೇಬಿನಲ್ಲಿ ಆರು ಸಾವಿರವಿತ್ತು. ಮಗನ ಡಿಗ್ರಿ ಪ್ರವೇಶಕ್ಕೆಂದು ತೆಗೆದಿಟ್ಟದ್ದರಲ್ಲಿ ಅರ್ಧ ಅದು. ಒಂದು ಡಿಶ್ ಕೂರಿಸಿದರೆ ಸಿಗುವುದು 300 ರೂಪಾಯಿ. ಅವರು ಅಂಗಡಿಯವನಿಗೆ ಒಂದೇ ಪ್ರಶ್ನೆ ಕೇಳಿದರು: "ಇದು ಯಾವ ಉಪಗ್ರಹ ಅಂತ ಹೇಳ್ತದಾ?"

ಇಂಥ ಉಪಕರಣ ಕೊಳ್ಳುವಾಗ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗುವುದು ಕಷ್ಟ. ಬೆಟ್ಟದ ಸಾಲು ತೋರಿಸುವ ಮೀಟರು ದೊಡ್ಡ ಕೆಲಸದವರಿಗೆ ಬೇಕಾದದ್ದು. ಡಿಶ್ಶಿನವರಿಗೆ ಬೇಕಾದದ್ದು 'ಇದು ಜಿಸ್ಯಾಟ್-15 ಹೌದೋ ಅಲ್ಲವೋ' ಎಂಬುದು ಮಾತ್ರ. ನಡುವಿನ ಮೀಟರಿಗೆ ಆವರ್ತನ 11090, ಸಿಂಬಲ್ ರೇಟ್ 29500 ಎಂದು ಮೊದಲೇ ಹೇಳಿಕೊಟ್ಟರೆ, ಆ ಗುರುತಿನ ಸಿಗ್ನಲ್ ಸಿಕ್ಕಾಗ ಮಾತ್ರ ಗುಣಮಟ್ಟದ ಪಟ್ಟಿ ಏಳುತ್ತದೆ. ಬೇರೆ ಯಾರೆಷ್ಟು ಕೂಗಿದರೂ ಅದು ಸೊನ್ನೆಯೇ. ಡಿಜಿಟಲ್ ಸಿಗ್ನಲ್ಲಿನಲ್ಲಿ ತಪ್ಪು ತಿದ್ದಿಕೊಳ್ಳಲು ಒಂದಷ್ಟು ಹೆಚ್ಚುವರಿ ಅಂಕೆಗಳೂ ಬರುತ್ತಿರುತ್ತವೆ. ಎಷ್ಟು ತಪ್ಪು, ಗದ್ದಲಕ್ಕಿಂತ ಮಾತು ಎಷ್ಟು ಮೇಲಿದೆ ಎಂಬುದರ ಅಂದಾಜೇ ಗುಣಮಟ್ಟ. ಒಂದು ಕಂಪನಿಯ 60 ಇನ್ನೊಂದು ಕಂಪನಿಯ 60 ಅಲ್ಲ. ಆದ್ದರಿಂದ ಡೆಸಿಬೆಲ್‌ನಲ್ಲಿಯೂ ತೋರಿಸುವ ಮೀಟರು ಲೇಸು.

ಅವಳಿಗಳ ನಡುವಿನ ವ್ಯತ್ಯಾಸ ಕಂಡುಹಿಡಿದದ್ದು ಹುಡುಗ. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿದ. ಅಗ್ಗದ್ದು ಹಳೆಯ ಡಿವಿಬಿ-ಎಸ್ ಪದ್ಧತಿಯನ್ನು ಮಾತ್ರ ಅರಿಯುತ್ತಿತ್ತು. 2005ರಲ್ಲಿ ಅಂಗೀಕಾರವಾದ ಡಿವಿಬಿ-ಎಸ್2 ಅದಕ್ಕೆ ಗೊತ್ತಿಲ್ಲ. "ಅಪ್ಪಯ್ಯ, ಚಂದನಕ್ಕೆ ಇದೇ ಸಾಕು. ಆದ್ರೆ ಖಾಸಗಿಯವರದ್ದು ಬಹಳಷ್ಟು ಎಸ್2. ಆ ಮನೆಗಳಿಗೆ ಹೋದಾಗ ಮತ್ತೆ ಕೂಗೋದೇ." ಮಗ ಓದಿದ್ದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಅಪ್ಪಂದಿರಿಗೆ ಮೊದಲೇ ತಿಳಿಯುವುದಿಲ್ಲ. ಡಿಶ್ಶಿನವರು ನೋಟುಗಳನ್ನು ಎರಡು ಸಲ ಎಣಿಸಿ 5,400 ಕೊಟ್ಟರು. ಬಸ್ಸಿನಲ್ಲಿ ತೀರ್ಥಹಳ್ಳಿ ಮುಟ್ಟುವವರೆಗೆ ಮಾತಾಡಲಿಲ್ಲ.

ಮೂರನೆಯ ಭೇಟಿಯ ದಿನವೂ ಕರೆಂಟಿರಲಿಲ್ಲ. ಹೊಸ ಮೀಟರು ತನ್ನ ಬ್ಯಾಟರಿಯಿಂದಲೇ ಎಲ್‌ಎನ್‌ಬಿಗೆ 13 ವೋಲ್ಟ್ ಕೊಟ್ಟಿತು. ಅಪ್ಪ ಅಂಚು ಹಿಡಿದರು. ಎರಡಡಿ ಡಿಶ್ಶಿನ ಅಂಚು ಅರ್ಧ ಸೆಂಟಿಮೀಟರ್ ಸರಿದರೆ ಒಂದು ಡಿಗ್ರಿ. ಅಲ್ಲಿ ಮೇಲೆ ಅದು 600 ಕಿ.ಮೀ.ಗೂ ಹೆಚ್ಚು. ಪಟ್ಟಿ 32 ತೋರಿಸಿತು, 45 ಆಯಿತು. ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ಕೊಂಚ ತಿರುಚಿದಾಗ 71. ಬೋಲ್ಟನ್ನು ಒಂದೇ ಕಡೆ ಬಿಗಿದರೆ ಡಿಶ್ ಆ ಕಡೆಗೆ ಎಳೆದುಕೊಳ್ಳುತ್ತದೆ. ಅವರು ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು ಬಿಗಿದರು. 71 ಕದಲಲಿಲ್ಲ.

ಹುಡುಗ ಗೆದ್ದೆನೆಂದುಕೊಂಡ. ಅಪ್ಪ ಮೀಟರನ್ನು ಕೆಳಗಿಳಿಸಿ, ಟಿ.ವಿ. ಪಕ್ಕ ಬಂದು ಬೀಳುವ ಕೇಬಲ್ಲಿನ ತುದಿಗೆ ಸಿಕ್ಕಿಸಲು ಹೇಳಿದರು. ಅಲ್ಲಿ 38.

"ಆಕಾಶದ್ದು ಸರಿ ಆಯ್ತು. ಇನ್ನು ಕೇಬಲ್ಲಿಂದು" ಎಂದರು. ಹಂಚಿನ ಸಂದಿಯಲ್ಲಿ ಕೈಯಾಡಿಸುತ್ತಾ ಹೋಗಿ ಒಂದೆಡೆ ನಿಂತರು. ಇಲಿ ಕಡಿದ ಗುರುತು. ಕತ್ತರಿಸಿದಾಗ ಒಳಗಿನ ಹೆಣೆದ ತಂತಿ ಕಪ್ಪಾಗಿತ್ತು, ತುದಿಯಿಂದ ನೀರು ತೊಟ್ಟಿಕ್ಕಿತು. ಮುಳ್ಳಿನ ಕಾಲದಲ್ಲಾಗಿದ್ದರೆ ಇನ್ನರ್ಧ ದಿನ ಡಿಶ್ಶನ್ನೇ ತಿರುಗಿಸುತ್ತಿದ್ದರು ಎಂಬುದೂ ನಿಜ; ಇಲಿ ಎಲ್ಲಿ ಕಡಿದೀತು ಎಂದು ಮೀಟರು ಹೇಳುತ್ತಿರಲಿಲ್ಲ ಎಂಬುದೂ ನಿಜ. ಹೊಸ ಕೇಬಲ್ ಎಳೆದು, ನೀರು ಒಳಗೆ ಹರಿಯದಂತೆ ತುದಿಗೆ ಒಂದು ಬಾಗು ಕೊಟ್ಟು, ಟೇಪು ಸುತ್ತಿದ ಮೇಲೆ ಕೆಳಗೂ 69 ಬಂತು. ಹೊರಗೆ ಮಳೆ ಜೋರಾಯಿತು. ಉಪಗ್ರಹದ ಈ ಅಲೆಗಳ ಉದ್ದ ಮೂರು ಸೆಂಟಿಮೀಟರಿಗೂ ಕಡಿಮೆ, ದಪ್ಪ ಹನಿಗಳು ಅವನ್ನು ನುಂಗುತ್ತವೆ. ಪಟ್ಟಿ 50ಕ್ಕಿಳಿದು ಅಲ್ಲೇ ನಿಂತಿತು. ಹಳೆಯ ಜಾಲರಿ ಬುಟ್ಟಿಗಳ ಅಲೆ ಏಳೂವರೆ ಸೆಂಟಿಮೀಟರಿನದು, ಅವು ಮಳೆಯನ್ನು ಲೆಕ್ಕಕ್ಕಿಡುತ್ತಿರಲಿಲ್ಲ ಎಂದು ಅಪ್ಪ ಅಷ್ಟರಲ್ಲೂ ಹೇಳದೆ ಬಿಡಲಿಲ್ಲ.

ಯಜಮಾನರಿಗೆ ನಂಬಿಕೆ ಬರಲಿಲ್ಲ. "ಟಿ.ವಿ.ನೇ ಹಚ್ಚದೆ ಸರಿಯಾಯ್ತು ಅಂದ್ರೆ ಹೇಗೆ ಮಾರಾಯಾ?"

ಹುಡುಗ ಮೀಟರಿನ ಒಂದು ಗುಂಡಿ ಒತ್ತಿದ. ಉಚಿತ ವಾಹಿನಿಗಳನ್ನು ಅದು ತನ್ನ ಪರದೆಯಲ್ಲೇ ತೋರಿಸುತ್ತಿತ್ತು. ಅಂಗೈಯಗಲದ ಚಂದನದಲ್ಲಿ ಗಣಿತದ ಮೇಷ್ಟ್ರೊಬ್ಬರು ಬೋರ್ಡಿನ ಮುಂದೆ ನಿಂತಿದ್ದರು. ಹುಡುಗಿ ನೋಟ್‌ಬುಕ್ ತಂದು ಕೇಬಲ್ಲಿನ ತುದಿಯ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು. ಕರೆಂಟು ಬರಲಿಲ್ಲ. ಮೀಟರು ಬಿಚ್ಚಿಕೊಂಡು ಹೊರಡಬೇಕಿತ್ತು, ಇನ್ನೊಂದು ಮನೆಯವರು ಕಾಯುತ್ತಿದ್ದರು. ಅಪ್ಪ ಸ್ಪಾನರ್ ಒರೆಸಿದರು, ಚೀಲದ ಸಾಮಾನು ತೆಗೆದು ಮತ್ತೆ ಜೋಡಿಸಿದರು, ಎರಡನೇ ಲೋಟ ಕಾಫಿ ಕುಡಿದರು.

"ಮಾಮ, ಇನ್ನು ಹತ್ತೇ ನಿಮಿಷ" ಎಂದಳು ಹುಡುಗಿ, ತಲೆ ಎತ್ತದೆ. ಬ್ಯಾಟರಿಯ ಗೆರೆ ಒಂದಕ್ಕಿಳಿದಿತ್ತು. ಹುಡುಗ ಪರದೆಯ ಬೆಳಕು ತಗ್ಗಿಸಿದ. ಪಾಠ ಮುಗಿಯುವವರೆಗೆ ಅದು ತಡೆದುಕೊಂಡಿತು.

ಮುಂದಿನ ಮನೆಯಲ್ಲಿ ಕರೆಂಟಿತ್ತು. ಚೀಲದ ತಳದಿಂದ ಮುಳ್ಳಿನ ಮೀಟರು ಹೊರಗೆ ಬಂತು.