ದೂರ ಹೆಚ್ಚು, ಹೊತ್ತು ಕಡಿಮೆ

ಪುಣೆಯ ಯೆರವಡಾದ ನಮ್ಮ ಮನೆಯಿಂದ ಲೋಹಗಾಂವ್ ವಿಮಾನ ನಿಲ್ದಾಣ ಕೂಗಳತೆಯಲ್ಲಿದೆ. ಆದರೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಮಗಳ ಮನೆಗೆ ಅಲ್ಲಿಂದ ನೇರ ವಿಮಾನವಿಲ್ಲ. ಅದು ವಾಯುಪಡೆಯ ನೆಲೆ, ರನ್‌ವೇ ಸುಮಾರು ಎರಡೂವರೆ ಕಿಲೋಮೀಟರ್. ಒಡಲ ತುಂಬ ಇಂಧನ ಹೊತ್ತ ಬೋಯಿಂಗ್ 777ಕ್ಕೆ ಇನ್ನೂ ಉದ್ದದ ಓಟ ಬೇಕು. ಬೆಂಗಳೂರಿನ ದೇವನಹಳ್ಳಿಯಲ್ಲಿ ರನ್‌ವೇ ನಾಲ್ಕು ಕಿಲೋಮೀಟರ್ ಇದೆ. ಹಾಗಾಗಿ 2024ರ ಜನವರಿಯಲ್ಲಿ ಅಮೆರಿಕಕ್ಕೆ ಹೊರಟ ನಾನು ಮೊದಲು ತೆಂಕಣಕ್ಕೆ ಹಾರಿದೆ.

ನಸುಕಿನಲ್ಲಿ ಟ್ಯಾಕ್ಸಿ ನಗರ್ ರೋಡ್ ಹಿಡಿದು ಆಗಾ ಖಾನ್ ಅರಮನೆಯ ಗೇಟು ದಾಟಿತು. ಒಳಗೆ ಗಾಂಧೀಜಿಯವರ ಪತ್ನಿ ಕಸ್ತೂರಬಾ ಮತ್ತು ಕಾರ್ಯದರ್ಶಿ ಮಹಾದೇವ ದೇಸಾಯಿಯವರ ಸಮಾಧಿಗಳಿವೆ. ಈ ದಾರಿಯಲ್ಲಿ ಹೋಗುವಾಗೆಲ್ಲ ನನಗೆ ಗಾಂಧೀಜಿಯವರ ಪಯಣವೊಂದು ನೆನಪಾಗುತ್ತದೆ. 1931ರ ಆಗಸ್ಟ್ 29ರಂದು ಅವರು ದುಂಡುಮೇಜಿನ ಪರಿಷತ್ತಿಗೆಂದು ಮುಂಬೈಯಲ್ಲಿ ‘ರಾಜಪುತಾನಾ’ ಹಡಗು ಹತ್ತಿದರು. ಲಂಡನ್ ಮುಟ್ಟಿದ್ದು ಸೆಪ್ಟೆಂಬರ್ 12ಕ್ಕೆ. ಡಿಸೆಂಬರ್ ಕೊನೆಗೆ ಬರಿಗೈಯಲ್ಲಿ ಮರಳಿದರು. ವಾರ ತುಂಬುವಷ್ಟರಲ್ಲಿ ಬಂಧನ, ಯೆರವಡಾ ಜೈಲು. ಎರಡು ವಾರ ಸಮುದ್ರ ದಾಟಿ ಹೋಗಿ ಕೇಳಿದ್ದಕ್ಕೆ ಸಿಕ್ಕ ಉತ್ತರ ಅದು.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಭೂಗೋಳದ ಮೇಲೆ ದಾರ ಎಳೆದರೆ ಸುಮಾರು 14,000 ಕಿ.ಮೀ.; ಆ ದಾರ ಉತ್ತರದ ಆರ್ಕ್‌ಟಿಕ್ ವಲಯವನ್ನು ಹಾಯುತ್ತದೆ. ಆದರೆ ಮಧ್ಯಾಹ್ನ ಮೇಲೇರಿದ ನಮ್ಮ ವಿಮಾನ ಆ ಹತ್ತಿರದ ದಾರಿ ಬಿಟ್ಟು ಪೂರ್ವಕ್ಕೆ ತಿರುಗಿತು. ಕಾರಣ ಗಾಳಿ. ಆ ಎತ್ತರದಲ್ಲಿ ಪಡುವಣದಿಂದ ಮೂಡಣಕ್ಕೆ ಬೀಸುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಜಪಾನಿನ ಸುತ್ತ ಬಲು ಬಿರುಸು. 2016ರಲ್ಲಿ ಏರ್ ಇಂಡಿಯಾ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವ ವಿಮಾನವನ್ನು ಅಟ್ಲಾಂಟಿಕ್ ಬಿಡಿಸಿ ಪೆಸಿಫಿಕ್ ಮೇಲೆ ಹಾರಿಸಿದಾಗ ದೂರ ಸುಮಾರು 1,400 ಕಿ.ಮೀ. ಹೆಚ್ಚಾಯಿತು, ಹೊತ್ತು ಎರಡು ಗಂಟೆಯಷ್ಟು ಉಳಿಯಿತು! ನನ್ನೆದುರಿನ ಪರದೆಯಲ್ಲೂ ಜಪಾನ್ ಸಮೀಪಿಸಿದಂತೆ ವೇಗದ ಅಂಕಿ ಏರುತ್ತ ಏರುತ್ತ ಗಂಟೆಗೆ 1,100 ಕಿ.ಮೀ. ದಾಟಿತು. ಲೋಟದ ನೀರು ಮಾತ್ರ ಅಲುಗಲಿಲ್ಲ. ನಿದ್ದೆ ಬಿಟ್ಟು ಆ ಅಂಕಿಯನ್ನೇ ನೋಡುತ್ತ ಕೂತೆ.

ಆ ವೇಗ ಕಂಡು ನಮ್ಮ ಹಿರಿಯರ ಪಯಣ ನೆನಪಾಯಿತು. ಒಂದು ಕಾಲಕ್ಕೆ ಧಾರವಾಡದಿಂದ ಪುಣೆಗೆ ಬರಬೇಕಾದರೆ ಮೀಟರ್ ಗೇಜ್ ಗಾಡಿಯಲ್ಲಿ ಮೀರಜಿಗೆ ಬಂದು, ಟ್ರಂಕು ಹೊತ್ತುಕೊಂಡು ಬ್ರಾಡ್ ಗೇಜ್ ಗಾಡಿಗೆ ಓಡಬೇಕಿತ್ತು. ನಮ್ಮ ಮನೆಯ ಹಿರಿಯರಿಗೆ ದೂರ ಅಂದರೆ ಮೀರಜ್ ಪ್ಲಾಟ್‌ಫಾರ್ಮಿನ ಆ ಕಾಯುವಿಕೆಯೇ.

ಪೆಸಿಫಿಕ್ ಮೇಲೆ ಬೇಗನೆ ಬೆಳಕು ಹರಿಯಿತು. ತಾರೀಖಿನ ರೇಖೆ ದಾಟಿದ್ದರಿಂದ ಅದು ಮಾರನೆಯ ದಿನದ ಬೆಳಗಲ್ಲ, ಹೊರಟ ದಿನದ್ದೇ. ಇಳಿದಾಗ ಅಲ್ಲಿ ಸಂಜೆ. ಯೆರವಡಾದಲ್ಲಿ ಮರುದಿನ ಮುಂಜಾವು, ಹದಿಮೂರೂವರೆ ಗಂಟೆ ಮುಂದೆ. ಮಗಳು ರಾತ್ರಿಯ ಅಡುಗೆ ಮಾಡಿಟ್ಟಿದ್ದಳು, ನನ್ನ ಹೊಟ್ಟೆ ಬೆಳಗಿನ ಚಹಾ ಕೇಳುತ್ತಿತ್ತು.

ಮರಳುವ ದಾರಿ ಬೇರೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಧ್ರುವದ ಮೇಲಿನ ದಾರಿಯಲ್ಲಿ ಬೆಂಗಳೂರಿಗೆ ಬಂದಿಳಿದಿದ್ದರು, ಸುಮಾರು 17 ಗಂಟೆಯ ಹಾರಾಟ. ನಾನೂ ಮರಳುವಾಗ ಕಿಟಕಿಯ ಸೀಟನ್ನೇ ಕೇಳಿ ಪಡೆದೆ.