ಮೊದಲು ಪುಸ್ತಕ, ಆಮೇಲೆ ತರಗತಿ

ಬಿ.ಎ. ಅರ್ಥಶಾಸ್ತ್ರವನ್ನು ನಾವು ಕಲಬುರಗಿ ಕಡೆಯ ಕಾಲೇಜೊಂದರಲ್ಲಿ ಕನ್ನಡದಲ್ಲಿ ಓದಿದೆವು. ಓದಿದೆವು ಎನ್ನುವುದಕ್ಕಿಂತ ಬರೆದುಕೊಂಡೆವು ಎನ್ನಬೇಕು. ಸರ್ ಹೇಳಿ ಬರೆಸಿದ ನೋಟ್ಸೇ ನಮಗೆ ಗ್ರಂಥ. ಕನ್ನಡ ಮಾಧ್ಯಮಕ್ಕೆ ಅನುಮತಿಯಿತ್ತು, ಒಳ್ಳೆಯ ಪುಸ್ತಕವಿರಲಿಲ್ಲ.

ನಮಗಿಂತ ಹಿಂದಿನವರು ಉನ್ನತ ಶಿಕ್ಷಣಕ್ಕೆ ಹೈದರಾಬಾದಿಗೆ ಹೋಗುತ್ತಿದ್ದರು. 1918ರಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಸ್ಥಾಪಿಸಿದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಬೋಧನೆ ಉರ್ದುವಿನಲ್ಲಿ. ಮುಂದೆ ವೈದ್ಯಕೀಯ, ಎಂಜಿನಿಯರಿಂಗ್ ಕೂಡ! ಇಂಗ್ಲಿಷ್ ಕಡ್ಡಾಯವಾಗಿತ್ತು, ಆದರೆ ಒಂದು ವಿಷಯವಾಗಿ ಮಾತ್ರ. ಗಮನಿಸಬೇಕಾದದ್ದು ಇನ್ನೊಂದಿದೆ. ಪಠ್ಯಗಳ ಅನುವಾದಕ್ಕೆಂದೇ ದಾರುಲ್ ತರ್ಜುಮಾ ಎಂಬ ವಿಭಾಗ 1917ರಲ್ಲೇ, ಅಂದರೆ ವಿಶ್ವವಿದ್ಯಾನಿಲಯಕ್ಕಿಂತ ಮೊದಲೇ ಹುಟ್ಟಿತ್ತು. ದೇಶಭಾಷೆಯಲ್ಲಿ ವಿಜ್ಞಾನ ಅಸಾಧ್ಯ ಎನ್ನುವವರಿಗೆ ಬೇರೆ ಉತ್ತರ ಬೇಕೆ?

ಹಾಗೆಂದು ಸತ್ಯವನ್ನು ಮುಚ್ಚಿಡಬಾರದು. ಆ ಸಂಸ್ಥಾನದ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. ಬೀದರ, ರಾಯಚೂರಿನ ಕನ್ನಡದ ಹುಡುಗನಿಗೆ ಬಜಾರಿನ ಉರ್ದು ಗೊತ್ತಿದ್ದರೂ, ಅರಬಿ-ಫಾರಸಿ ತುಂಬಿದ ಪಾಠದ ಉರ್ದು ಕಬ್ಬಿಣದ ಕಡಲೆ. (ಮನೆಯಲ್ಲಿ ದಖ್ಖನಿ ಆಡುವ ನಮಗೂ ಅದು ಅಷ್ಟೇನೂ ಮೆತ್ತಗಿಲ್ಲ.) 1948ರ ನಂತರ ಉರ್ದು ಹೋಯಿತು. ಆ ಜಾಗಕ್ಕೆ ಬಂದದ್ದು ಇವರ ಯಾರ ಮನೆಮಾತೂ ಅಲ್ಲ, ಇಂಗ್ಲಿಷ್.

2021ರಲ್ಲಿ ಕನ್ನಡವೂ ಸೇರಿದಂತೆ ಪ್ರಾದೇಶಿಕ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ ಒಪ್ಪಿತು, ಪಠ್ಯಗಳ ಅನುವಾದವನ್ನೂ ಕೈಗೆತ್ತಿಕೊಂಡಿತು. ಸಂತೋಷ. ಆದರೆ ನಾಲ್ಕೂ ವರ್ಷಗಳ ಪುಸ್ತಕಗಳು ವಿದ್ಯಾರ್ಥಿಯ ಕೈಗೆ ಸಿಗುವವರೆಗೆ, ಮಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವ ತಂದೆಯನ್ನು ಭಾಷಾದ್ರೋಹಿ ಎಂದು ಕರೆಯಲು ನಮಗೆ ಬಾಯಿ ಬರುವುದಿಲ್ಲ.